ಸಣ್ಣನ ಕತ್ತಿ

ಅಂದು ನಸುಕಿನಿಂದಲೇ ಮೂಡಗಾಳಿ. ಶರಾವತಿಯ ನೀರು ಸಣ್ಣಗೆ ನಡುಗುತ್ತಿತ್ತು. ದೋಣಿ ಇಳಿದು ಹೊನ್ನಾವರದ ದಕ್ಕೆ ಹತ್ತುವಾಗ ಸುಬ್ಬಿ ತನ್ನ ಮಗಳು ಕಾಳಿಯ ತಲೆಗೆ ಸೆರಗು ಮುಚ್ಚಿದಳು. ಸುಬ್ಬಿಯ ಕಂಕುಳಲ್ಲಿ ಹಳೆ ಕಂಬಳಿಯ ತುಂಡಿನಲ್ಲಿ ಸುತ್ತಿದ ಗಂಟೊಂದಿತ್ತು.

ಅನಂತಮೂರ್ತಿ ವಕೀಲರು ಪೂಜೆ ಮುಗಿಸಿ, ಹಣೆಯ ಗಂಧ ಆರುವ ಮೊದಲೇ ತಮ್ಮ ಮನೆಯ ಜಗುಲಿಗೆ ಬಂದು ಕೂತಿದ್ದರು.

"ಈರ ಬರ್ಲಿಲ್ವಾ?"

"ಇಲ್ಲ ಒಡೆಯಾ. ಸಣ್ಣನ ಮೊಕ ಕಂಡ್ರೆ ಕೈ ಏಳ್ತದಂತೆ. ಗದ್ದೇಲೇ ಇರು, ಎತ್ತಿಗಾದ್ರೂ ಬುದ್ಧಿ ಹೇಳು ಅಂದೆ."

ವಕೀಲರಿಗೆ ನಗು ಬಂತು, ಆದರೆ ಮುಖದಲ್ಲಿ ಉಳಿಯಲಿಲ್ಲ. ಸಣ್ಣ ಇವಳ ಮೊದಲ ಗಂಡ. ಲಿಂಗನಮಕ್ಕಿಯ ಅಣೆಕಟ್ಟೆ ಕೆಲಸಕ್ಕೆಂದು ಘಟ್ಟ ಹತ್ತಿದವನು ವರ್ಷಗಟ್ಟಲೆ ಸುದ್ದಿಯಿಲ್ಲದೆ ಉಳಿದ. ಕೊನೆಗೆ ಊರ ಹಿರಿಯರು ತುಳಸಿಯ ಮುಂದೆ ಕೂತು, ಕಡ್ಡಿ ಮುರಿಸಿ, ಇವಳಿಗೆ ಆ ಮದುವೆಯಿಂದ ಬಿಡುಗಡೆ ಕೊಡಿಸಿದರು. ಆಮೇಲೆ ಇವಳು ಈರನ ಮನೆ ಸೇರಿದಳು, ಕಾಳಿ ಹುಟ್ಟಿದಳು. ಈಗ ತಿರುಗಿ ಬಂದ ಸಣ್ಣ, ಹೆಂಡತಿಯೂ ಕೂಸೂ ತನ್ನವೇ ಎಂದು ನೋಟೀಸು ಕೊಡಿಸಿದ್ದ.

"ಅವತ್ತು ಕಡ್ಡಿ ಮುರಿದದ್ದು ಯಾರು?"

"ಒಂದು ತುದಿ ನಾ ಹಿಡಕಂಡೆ. ಇನ್ನೊಂದು ತುದಿ ಅವನ ಕತ್ತಿಗೆ ಕಟ್ಟಿದ್ರು."

"ಕತ್ತಿಗಾ?"

"ಹೌದು. ಮದುವೆ ದಿವಸ ಅವಂಗೆ ಮೈಲಿ ಬೇನೆ ಎದ್ದಿತ್ತು. ಮೂರ್ತ ತಪ್ಪೂಕಾಗ ಅಂತ ಅವನ ಕತ್ತೀನೇ ನನ್ನ ಬದಿಗಿಟ್ಟು ಧಾರೆ ಎರದಿದ್ರು. ಕತ್ತಿ ಕಟ್ಕಂಡವಳನ್ನ ಕತ್ತೀನೇ ಬಿಡ್ಲಿ ಅಂದ್ರು ಹಿರೇರು."

ವಕೀಲರು ಕನ್ನಡಕ ತೆಗೆದರು. "ನಿಮ್ಮ ಜಾತಿಯ ಬಿಡುಗಡೆಯನ್ನ ಕಾಯ್ದೆ ಒಪ್ತದೆ ಸುಬ್ಬಿ. ಆದ್ರೆ ನಿಮ್ಮ ಪದ್ಧತಿ ಪ್ರಕಾರವೇ ಆಗಿರ್ಬೇಕು. ಕುಮಟೆ ಕಡೆಯ ನಿಮ್ಮ ಗೌಡನ್ನ ಕೇಳಿದೆ. ಕತ್ತಿ ಕೂಡಿಸ್ತದೆ, ಬಿಡಿಸೂದಿಲ್ಲ. ಬಿಡೂಕೆ ಗಂಡಿನ ಕೈಯೇ ಬೇಕು ಅಂದ."

"ಹಾಂಗಂದ್ರೆ ಎಂತ?"

"ನೀನು ಇವತ್ತಿಗೂ ಸಣ್ಣನ ಹೆಂಡತಿ."

ಸುಬ್ಬಿಯ ಕೈ ತಾನಾಗಿ ಕೊರಳ ಮಣಿಸರದ ಮೇಲೆ ಹೋಯಿತು. ಅದು ಈರ ಕಟ್ಟಿದ್ದು.

"ಆತು. ಕೂಸು ಈರಂದಲ್ವಾ?"

"ಮದುವೆ ಉಳಿದಿದ್ದಾಗ ಹುಟ್ಟಿದ ಕೂಸು ಗಂಡನದು ಅಂತ್ಲೇ ಕೋರ್ಟು ಹಿಡೀತದೆ. ಅವ ಘಟ್ಟದಿಂದ ಇಳೀಲೇ ಇಲ್ಲ ಅಂತ ನಾವು ತೋರಿಸ್ಬೇಕು. ಅವ ನೋಡಿದ್ರೆ ನಡುವೆ ಬಂದು ಹೋಗಿದ್ದೆ ಅಂತಿದ್ದಾನೆ."

ಅವಳು ಮಗುವನ್ನು ಎಳೆದುಕೊಂಡು ಕಂಬಕ್ಕೆ ಒರಗಿದಳು. ಗಾಳಿಗೆ ಅಂಗಳದ ಒಣಗರಿ ಕೆರೆಯುತ್ತಿತ್ತು. ಸುಬ್ಬಿಗೆ ಅದೊಂದೇ ಕೇಳುತ್ತಿತ್ತು.

ವಕೀಲರು ಮಾತಾಡಲು ಕರೆಸಿದ್ದ ಸಣ್ಣ ಅಷ್ಟರಲ್ಲಿ ಬಂದ. ಮೈ ಒಣಗಿತ್ತು, ಕಲ್ಲು ಹೊತ್ತ ಹೆಗಲು ಒಂದು ಬದಿಗೆ ಇಳಿದಿತ್ತು. ಜಗುಲಿ ಹತ್ತದೆ ತುಳಸಿಕಟ್ಟೆಯ ಹತ್ತಿರವೇ ನಿಂತ.

"ಸತ್ತವ ಬಂದ್ನಾ?" ಎಂದಳು ಸುಬ್ಬಿ.

"ಸತ್ತಿದ್ರೆ ನಿಂಗೆ ಪಸಂದಾಗ್ತಿತ್ತು. ಅಲ್ಲಿ ಕಲ್ಲು ಹೊತ್ತೆ, ಜ್ವರದಲ್ಲಿ ಬಿದ್ದೆ. ಊರಿಗೆ ಬಂದ್ರೆ ನನ್ನ ಬದ್ಲಿ ನನ್ನ ಕತ್ತಿ ಮಾತಾಡಿ ಮುಗ್ಸಿತ್ತು. ನನ್ನ ಯಾರು ಕೇಳಿದ್ರು?"

ಸುಬ್ಬಿ ಅಂಗಳಕ್ಕಿಳಿದು, ಕಂಬಳಿ ಬಿಚ್ಚಿ, ಕತ್ತಿಯನ್ನು ತುಳಸಿಯ ಬುಡದಲ್ಲಿಟ್ಟಳು.

"ನಡುವೆ ಬಂದಿದ್ದೆ ಅಂತ ಇದನ್ನ ಮುಟ್ಟಿ ಹೇಳು. ಕೂಸನ್ನ ಈಗ್ಲೇ ಕೊಡ್ತೆ."

ವಕೀಲರು ಎದ್ದುಬಿಟ್ಟರು. "ಸುಬ್ಬಿ, ಅದು ಆಡೂ ಮಾತಲ್ಲ."

"ಆಡಿ ಆತು ಒಡೆಯಾ. ತುಳಸಿ ಕೇಳಿತ್ತು." ಅವಳು ಕತ್ತಿಯತ್ತ ಬೆರಳು ತೋರಿಸಿದಳು. "ಹೆರೂವಾಗ ಸೂಲಗಿತ್ತಿ ಕೈಗೆ ಸಿಕ್ಕಿದ್ದು ಇದೇ. ಕೂಸಿನ ಹೊಕ್ಕುಳ ಬಳ್ಳಿ ಕೊಯ್ದದ್ದೂ ಇದ್ರಲ್ಲೇ. ನೀ ಮದುವೆಗೂ ಇರ್ಲಿಲ್ಲ, ಇದಕ್ಕೂ ಇರ್ಲಿಲ್ಲ ಸಣ್ಣ. ಕತ್ತಿ ಇತ್ತು."

ಸಣ್ಣ ಬಾಗಿ ಕೈ ಚಾಚಿದ. ಬೆರಳು ಕತ್ತಿಯನ್ನು ಮುಟ್ಟದೆ ಮೇಲೆಯೇ ನಿಂತಿತು. ಸುಬ್ಬಿ ಕಣ್ಣು ಮುಚ್ಚಿದಳು. ಕಾಳಿ ಮಾತ್ರ ಅಪರಿಚಿತನ ಇಳಿಬಿದ್ದ ಹೆಗಲನ್ನು ನೋಡುತ್ತ, ತಾನೂ ಆಟಕ್ಕೆಂಬಂತೆ ಒಂದು ಹೆಗಲನ್ನು ಓರೆ ಮಾಡಿ ನಿಂತಳು.

ಅದನ್ನು ಕಂಡ ಸಣ್ಣ ಕೈ ಹಿಂತೆಗೆದ.

"ಬಂದಿರ್ಲಿಲ್ಲ," ಎಂದ, ತುಳಸಿಗೆ ಹೇಳುವಂತೆ.

ಆಮೇಲೆ ಅವನು ಅಂಗಳದ ಒಣಗರಿಯಿಂದ ಕಡ್ಡಿಯೊಂದನ್ನು ಸೀಳಿ ತೆಗೆದು, ಒಂದು ತುದಿಯನ್ನು ಅವಳತ್ತ ಚಾಚಿದ. ವಕೀಲರು ಮೆಟ್ಟಿಲಿಳಿದು ಬಂದು ಸಾಕ್ಷಿಯಾಗಿ ನಿಂತರು. ಇಬ್ಬರ ಕೈಯಲ್ಲಿ ಕಡ್ಡಿ ಸದ್ದಿಲ್ಲದೆ ಮುರಿಯಿತು.

ಸುಬ್ಬಿ ಕತ್ತಿಯನ್ನೆತ್ತಿ ಸೆರಗಿನಿಂದ ಒರೆಸಿದಳು. ಅಲಗನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಹಿಡಿಯನ್ನು ಅವನ ಕಡೆಗೆ ನೀಡಿದಳು.