ಅನುಮಾನಕ್ಕೆ ಬಾರದ ದೊಡ್ಡಮ್ಮ

ಪತ್ತೇದಾರಿ ಕಾದಂಬರಿ ಓದುವುದು ತಪ್ಪಲ್ಲ, ಓದಿದ್ದನ್ನು ಊರಿನ ಮೇಲೆ ಪ್ರಯೋಗಿಸುವುದು ತಪ್ಪು. ಆದರೆ ಇದನ್ನು ಔಷಧಿ ಅಂಗಡಿಯಮ್ಮನಿಗೆ ಹೇಳುವವರು ಯಾರು? ಆಕೆಯ ಓದುಗರ ಬಳಗ ಪ್ರತಿ ಚಳಿಗಾಲದಲ್ಲೂ ಒಂದೇ ಬಗೆಯ ಪುಸ್ತಕ ಓದುತ್ತಿತ್ತು. ಪುಟ್ಟ ಊರು, ಹತ್ತಿರ ಬಂದ ಕ್ರಿಸ್‌ಮಸ್, ಏನೋ ಒಂದು ಕಳವು, ಟೀ ಕುಡಿಯುತ್ತಲೇ ಕಳ್ಳನನ್ನು ಹಿಡಿಯುವ ಒಬ್ಬ ಜಾಣೆ. ಕೊನೆಯ ಪುಟದಲ್ಲಿ ಸಿಕ್ಕಿಬೀಳುವವರು ಮಾತ್ರ ಯಾವಾಗಲೂ ಯಾರೂ ಅನುಮಾನಿಸದಂಥವರು. ಈ ಒಂದು ಸೂತ್ರವನ್ನು ಬಳಗದವರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದರು.

ಆ ಬಳಗವನ್ನು ಕಂಡರೆ ಪೇಟೆಬೀದಿಯ ದರ್ಜಿಗೆ ಮೈ ಉರಿಯುತ್ತಿತ್ತು. ಅವಳಿಗೆ ಊರಲ್ಲಿ ಕತ್ತರಿ ಎಂಬ ಹೆಸರು ಬಿದ್ದದ್ದು ಬರೀ ಕಸುಬಿನಿಂದಲ್ಲ, ನಾಲಿಗೆಯೂ ಅಷ್ಟೇ ಹರಿತವಾಗಿತ್ತು. ಮದುವೆಯಾಗದ ದೊಡ್ಡಮ್ಮ ಅವಳ ಜೊತೆಗೇ ಇದ್ದಳು. ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಚ್ಚುವುದು, ಅಂಚು ಹೊಲಿಯುವುದು ಅವಳ ಕೆಲಸ. ಬಾಯಿ ಸತ್ತ ಹೆಂಗಸು. ಗಿರಾಕಿಗಳು ಅವಳ ಪಕ್ಕದಲ್ಲೇ ನಿಂತು, "ಅಂಗಡೀಲಿ ಯಾರೂ ಇಲ್ವಾ?" ಎಂದು ಕೂಗುತ್ತಿದ್ದರು.

ವರ್ಷಕ್ಕೆ ಒಂದು ಸಂಜೆ ಮಾತ್ರ ಊರು ಅವಳನ್ನು ನೋಡುತ್ತಿತ್ತು. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಬಾಲಯೇಸುವಿನ ಮಣ್ಣಿನ ಮೂರ್ತಿಯನ್ನು ಚರ್ಚಿನ ಬಾಗಿಲಿಂದ ಎತ್ತಿಕೊಂಡು ನಡೆದು, ಕುರಿ ಕುರುಬರ ನಡುವೆ ಗೋದಲಿಯಲ್ಲಿ ಮಲಗಿಸುವುದು ಎಷ್ಟೋ ವರ್ಷಗಳಿಂದ ದೊಡ್ಡಮ್ಮನ ಪಾಲಿಗೆ ಬಂದ ಕೆಲಸ. ಅದಕ್ಕೆಂದೇ ಇಟ್ಟಿದ್ದ ನೀಲಿ ಕೋಟಿಗೆ ಅವಳು ತಿಂಗಳ ಮೊದಲೇ ಇಸ್ತ್ರಿ ಹಾಕಿ ಗೂಟಕ್ಕೆ ನೇತುಹಾಕುತ್ತಿದ್ದಳು.

ಈ ವರ್ಷ ಆ ಸಂಜೆಗೆ ಇನ್ನೆರಡು ದಿನವಿದೆ ಎನ್ನುವಾಗ ಮೂರ್ತಿಯೇ ಕಾಣೆಯಾಯಿತು. ಕೇಳೋಣವೆಂದರೆ ಪಾದ್ರಿ ಪರಊರಿಗೆ ಹೋಗಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಅದು. ತನಿಖೆಯನ್ನು ತಂದು ಔಷಧಿ ಅಂಗಡಿಯಮ್ಮನ ಕೈಗೆ ಕೊಟ್ಟಿತು.

ಊರಿನ ಪೇಂಟರ್ ಹಿಂದಿನ ದಿನ ಚರ್ಚಿನಿಂದ ಗೋಣಿಚೀಲ ಹೊತ್ತು ಹೊರಟದ್ದನ್ನು ಅರ್ಧ ಪೇಟೆ ನೋಡಿತ್ತು. ಚೀಲದಿಂದ ಪುಟ್ಟ ಮಣ್ಣಿನ ಕಾಲೊಂದು ಇಣುಕುತ್ತಿದ್ದದ್ದನ್ನೂ ನೋಡಿತ್ತು. ಬಳಗದವರು ಇದನ್ನೆಲ್ಲ ಕೇಳಿ ನಕ್ಕುಬಿಟ್ಟರು. ಇಷ್ಟು ಸಲೀಸಾಗಿ ಸಿಕ್ಕಿಬೀಳುವವನು ಕಳ್ಳನಾಗಲು ಸಾಧ್ಯವೇ? ಪುಸ್ತಕದಲ್ಲಾದರೆ ಅವನು ನಿರಪರಾಧಿ ಎಂದು ಅರ್ಧಕ್ಕೆ ಮೊದಲೇ ಗೊತ್ತಾಗಿಬಿಡುತ್ತದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎನ್ನುವುದು ಇಂಥವರಿಗೇ. ಅಲೆದು ಅಲೆದು ಅವರು ಬಂದು ನಿಂತದ್ದು ದರ್ಜಿ ಅಂಗಡಿಯ ಮೂಲೆಯಲ್ಲಿ.

"ಈ ಊರಲ್ಲಿ ಯಾರ ಮೇಲೆ ಯಾರಿಗೂ ಅನುಮಾನ ಬರಲ್ಲ? ಇವರ ಮೇಲೆ," ಎಂದು ಔಷಧಿ ಅಂಗಡಿಯಮ್ಮ ಕನ್ನಡಕದ ಮೇಲಿಂದ ದೊಡ್ಡಮ್ಮನನ್ನು ನೋಡಿದಳು. "ಸತ್ಯ ಹೊರಗೆ ಬರೋವರೆಗೂ ಇವರು ಗೋದಲಿ ಹತ್ರ ಬರೋದು ಬೇಡ. ಬೇರೆ ಗೊಂಬೆ ತರಿಸ್ತೀನಿ. ಈ ಸಲ ನಾನೇ ಎತ್ಕೊಂಡು ಹೋಗ್ತೀನಿ."

"ತಲೆ ನೆಟ್ಟಗಿದೆಯಾ ನಿಮಗೆ?" ಎಂದಳು ಕತ್ತರಿ.

ದೊಡ್ಡಮ್ಮ ಸೂಜಿ ಕೆಳಗಿಟ್ಟಳು. "ಸಾಕ್ಷಿ ಇದೆಯಾ?" ಎಂದು ಕೇಳಿದಳು.

ಅವಳ ಬಾಯಿಂದ ಅಂಥ ಮಾತನ್ನು ಯಾರೂ ಕೇಳಿದವರಲ್ಲ. ಬಳಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ಎಂದು ಪಿಸುಗುಡುತ್ತಾ ಹೊರಟರು.

ಸಂಜೆಯೊಳಗೆ ಊರಿಗೆ ಊರೇ ಗುಂಡಿ ಹಚ್ಚಿಸಿಕೊಳ್ಳಲು ಬಂತು. ಗಟ್ಟಿಯಾಗಿದ್ದ ಗುಂಡಿಗಳನ್ನು ಕಿತ್ತುಕೊಂಡು ಬಂದ ಪುಣ್ಯಾತ್ಮರೂ ಇದ್ದರು. ದೊಡ್ಡಮ್ಮ ತಲೆ ಎತ್ತಿ ಒಬ್ಬೊಬ್ಬರನ್ನೂ ತಿರುಗಿ ನೋಡಿದಳು. ಪಾಪ, ಅವಮಾನಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡಳು ಕತ್ತರಿ. ಆ ನೀಲಿ ಕೋಟು ಗೂಟದಲ್ಲೇ ಉಳಿದರೆ ಈ ಜೀವಕ್ಕೆ ವರ್ಷದಲ್ಲಿ ಇನ್ನೇನಿದೆ?

ಮರುದಿನ ಬೆಳಿಗ್ಗೆ ಅವಳು ಸೀದಾ ಪೇಂಟರ್ ಮನೆಗೆ ಹೋದಳು. ಕಿಟಕಿ ಕಟ್ಟೆಯ ಮೇಲೆ ಬಾಲಯೇಸು ಬಿಸಿಲು ಕಾಯುತ್ತಾ ಮಲಗಿದ್ದ. ಚಕ್ಕೆ ಎದ್ದಿದ್ದ ಮೂಗು ಸರಿಯಾಗಿತ್ತು.

"ಪಾದ್ರಿಗಳೇ ಕೊಟ್ಟಿದ್ದು, ರಿಪೇರಿಗೆ," ಎಂದ ಪೇಂಟರ್. "ಈ ಚಳಿಗೆ ಬಣ್ಣ ಒಣಗ್ತಾನೇ ಇಲ್ಲ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ನಲ್ಲಕ್ಕಾ. ನಮ್ಮನೇಲೇ ಇದೆ ಅಂದೆ. ಔಷಧಿ ಅಂಗಡಿಯಮ್ಮ ಬೆನ್ನು ತಟ್ಟಿ, ಯಾರನ್ನೋ ಕಾಪಾಡೋಕೆ ತಪ್ಪು ಮೈಮೇಲೆ ಹಾಕ್ಕೋತಿದ್ದೀಯ, ದೊಡ್ಡ ಮನಸ್ಸಪ್ಪ ನಿಂದು ಅಂದ್ರು. ಟೀ ಕೊಟ್ಟು ಕಳಿಸಿದ್ರು."

ಕತ್ತರಿ ಮೂರ್ತಿಯನ್ನು ತಂದು ಔಷಧಿ ಅಂಗಡಿಯ ಕೌಂಟರಿನ ಮೇಲೆ, ಕೆಮ್ಮಿನ ಸಿರಪ್ಪುಗಳ ನಡುವೆ ಮಲಗಿಸಿದಳು. ಬಳಗದವರೆಲ್ಲ ಅಲ್ಲೇ ಇದ್ದರು.

"ಬೆಟ್ಟ ಅಗೆದು ಇಲಿ ಹಿಡಿಯೋರನ್ನ ಕಂಡಿದ್ದೆ. ಇಲೀನ ಕೈಯಲ್ಲೇ ಇಟ್ಕೊಂಡು ಬೆಟ್ಟ ಅಗೆಯೋರನ್ನ ಈಗಲೇ ನೋಡಿದ್ದು," ಎಂದಳು. "ಕದಿಯೋಕೆ ಧೈರ್ಯ ಬೇಕು, ತಲೆ ಬೇಕು. ನಮ್ಮ ದೊಡ್ಡಮ್ಮನಿಗೆ ಅದೆಲ್ಲ ಎಲ್ಲಿಂದ ಬರಬೇಕು?"

"ಅದೂ ನಿಜ ಬಿಡಿ, ಪಾಪ," ಎಂದರು ಎಲ್ಲರೂ. ಯಾರಿಗೂ ಅದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಗೆದ್ದು ಬಂದ ಖುಷಿಯಲ್ಲಿ ಕತ್ತರಿ ನಡೆದದ್ದನ್ನೆಲ್ಲ ಒಪ್ಪಿಸಿದಳು. "ನಾಳೆ ನೀನೇ ಎತ್ಕೊಂಡು ಹೋಗೋದು, ದೊಡ್ಡಮ್ಮ. ಯಾರೂ ತುಟಿ ಬಿಚ್ಚಲ್ಲ."

ದೊಡ್ಡಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. "ನಿನಗೆ ಒಂದು ಗಳಿಗೆಯಾದ್ರೂ ಅನ್ನಿಸ್ಲಿಲ್ವೇನೇ, ನಾನೇ ಇರಬಹುದು ಅಂತ?"

"ನೀನಾ? ಕನಸಲ್ಲೂ ಇಲ್ಲ."

ದೊಡ್ಡಮ್ಮನ ಮುಖ ಬಾಡಿತು. "ಆಯಮ್ಮ ಅಂದ್ಕೊಂಡಿದ್ಲು," ಎಂದು ಮತ್ತೆ ಗುಂಡಿಯ ಮೇಲೆ ಬಗ್ಗಿದಳು.

ಊರನ್ನೆಲ್ಲ ಹೀಗಳೆಯುತ್ತಾ ಬಂದ ಕತ್ತರಿ, ಆ ಗಿರಾಕಿಗಳ ಹಾಗೆ ತಾನೂ ಆ ಮೂಲೆಯಲ್ಲಿ ಯಾರೂ ಇಲ್ಲವೆಂದೇ ಬದುಕಿದ್ದಳು. ಅದು ಹೊಳೆದು ಅವಳಿಗೆ ನಾಚಿಕೆಯಾಯಿತು.

ಮಾರನೆಯ ಸಂಜೆ ದೊಡ್ಡಮ್ಮ ನೀಲಿ ಕೋಟು ತೊಟ್ಟು ಮೂರ್ತಿಯನ್ನು ಎತ್ತಿಕೊಂಡು ನಡೆದಳು. ಊರು ಕತ್ತು ಚಾಚಿ ನೋಡಿದ್ದು ಮೂರ್ತಿಯ ಹೊಸ ಮೂಗನ್ನು.

ಕ್ರಿಸ್‌ಮಸ್ ದಿನ ಬೆಳಗಾದರೆ ಗೋದಲಿಯಿಂದ ಒಂದು ಪುಟ್ಟ ಮಣ್ಣಿನ ಕುರಿಮರಿ ಮಾಯ. ಪಾಠ ಕಲಿತಿದ್ದ ಬಳಗ ಈ ಸಲ ನೇರವಾಗಿ ಪೇಂಟರ್ ಮನೆಗೆ ನುಗ್ಗಿತು. ಹಲ್ಲುಜ್ಜುತ್ತಿದ್ದ ಬಡಪಾಯಿಯನ್ನು ಬಾಯಿ ತೊಳೆಯಲೂ ಬಿಡದೆ ವಿಚಾರಣೆ ಮಾಡಿದರು. ಮೂರ್ಖರಿಗೆ ಬುದ್ಧಿ ಕಲಿಸಬಾರದು, ಕಲಿಸಿದರೆ ಅದನ್ನೂ ತಪ್ಪು ಜಾಗದಲ್ಲೇ ಬಳಸುತ್ತಾರೆ.

ಬೀದಿಯ ಗದ್ದಲ ಕೇಳುತ್ತಾ ಕತ್ತರಿ ತನ್ನ ತೋಳಿನ ಗುಂಡಿಗೊಂದು ಜೋಡಿ ಹುಡುಕಲು ಗುಂಡಿ ಡಬ್ಬಿಯ ಮುಚ್ಚಳ ತೆಗೆದಳು. ಗುಂಡಿಗಳ ನಡುವೆ ಕುರಿಮರಿ ಕೂತಿತ್ತು. ಮೂಲೆಯಲ್ಲಿ ದೊಡ್ಡಮ್ಮ ಸೂಜಿ ಹಿಡಿದ ಕೈ ಹಾಗೇ ನಿಲ್ಲಿಸಿ, ಅವಳ ಮುಖವನ್ನೇ ನೋಡುತ್ತಿದ್ದಳು.

ಕತ್ತರಿ ಮುಚ್ಚಳ ಹಾಕಿದಳು.

"ದೊಡ್ಡಮ್ಮ, ಚರ್ಚಲ್ಲಿ ಕುರಿಮರಿ ಕಾಣ್ತಿಲ್ವಂತೆ," ಎಂದಳು. "ನನಗ್ಯಾಕೋ ನಿನ್ನ ಮೇಲೇ ಅನುಮಾನ."

ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಸಾಕ್ಷಿ ಇದೆಯಾ?"

"ಹುಡುಕ್ತಾ ಇದ್ದೀನಿ," ಎಂದು ಕತ್ತರಿ ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟಳು.