ಮೂರು ಬಡಿತ

ನಾನು ಶವಪೆಟ್ಟಿಗೆಯ ಮುಚ್ಚಳವಾಗಬೇಕಿದ್ದ ಹಲಸಿನ ಹಲಗೆ. ನಮ್ಮೂರಿನ ಜ್ಞಾನಮ್ಮನಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಿಷಮಶೀತ ಜ್ವರ ಬಂತು. ಉಳಿಯುವುದಿಲ್ಲವೆಂದು ಬಡಗಿ ಇನ್ನಾಸಪ್ಪ ಅಳತೆ ತೆಗೆದು ನನ್ನನ್ನು ಕೊಯ್ದಿಟ್ಟ. ನಾಲ್ಕನೆಯ ದಿನ ಅವಳು ಎದ್ದು ಗಂಜಿ ಕೇಳಿದಳು. ಇನ್ನಾಸಪ್ಪ ನನ್ನ ಒಂದು ತುಂಡಿಗೆ ಹಿಡಿ ಕೂಡಿಸಿ, ಮೇಲೊಂದು ಮರದ ಸುತ್ತಿಗೆ ಸಿಕ್ಕಿಸಿ ಚರ್ಚಿಗೆ ಕೊಟ್ಟ.

ಪವಿತ್ರ ಗುರುವಾರದ ಪೂಜೆಯಿಂದ ಪಾಸ್ಖದ, ಅಂದರೆ ಈಸ್ಟರಿನ, ಪೂಜೆಯವರೆಗೆ ಚರ್ಚಿನ ಗಂಟೆ ಬಾರಿಸುವಂತಿಲ್ಲ. ಆಗ ನನ್ನನ್ನು ಬಡಿದು ಜನರನ್ನು ಕರೆಯುತ್ತಾರೆ. ನನ್ನದು ಒಣ ದನಿ. ಅದು ಕೇಳಿದರೆ ನಾಯಿಗಳೂ ಬೊಗಳುವುದಿಲ್ಲ. ಉಳಿದ ದಿನಗಳಲ್ಲಿ ಮೊಳೆಗೆ ನೇತಾಡುತ್ತೇನೆ.

ಇನ್ನಾಸಪ್ಪನ ನಂತರ ಅವನ ಮಗ ರಾಯಪ್ಪ ನನ್ನನ್ನು ಹಿಡಿದ. ಒಂದು ಸಂಜೆ ನಾಲೆಯ ನೀರಿನ ಜಗಳದಲ್ಲಿ ರಾಯಪ್ಪ ಗುದ್ದಲಿ ಬೀಸಿದ. ಸತ್ತವನು ಜ್ಞಾನಮ್ಮನ ಒಬ್ಬನೇ ಮಗ ಸವೇರಿ. ರಾಯಪ್ಪ ಜೈಲಿಗೆ ಹೋದ, ಮನೆಗೆ ಬೀಗ ಬಿತ್ತು.

ಮರುವರ್ಷ ನನ್ನನ್ನು ಮೊಳೆಯಿಂದ ಇಳಿಸಿದವಳು ಜ್ಞಾನಮ್ಮ. ಶುಭ ಶುಕ್ರವಾರ ಮಧ್ಯಾಹ್ನ ಬೀದಿ ಸುತ್ತುವಾಗ ಆ ಬೀಗದ ಮನೆಯ ಮುಂದೆ ನಿಂತು ಮೂರು ಸಲ ಬಡಿದಳು. ಪ್ರತಿ ವರ್ಷವೂ ಹಾಗೆಯೇ. ಶಾಪ ಹಾಕುತ್ತಾಳೆ ಎಂದಿತು ಊರು. ಬಡಿದಾದ ಮೇಲೆ ಅವಳು ಪಿಸುಗುಡುತ್ತಿದ್ದುದು ನನಗೆ ಮಾತ್ರ ಕೇಳುತ್ತಿತ್ತು: "ಬಾರೋ ರಾಯ."

ಎಂಟನೆಯ ವರ್ಷ ಅವಳ ಮೂರು ಬಡಿತ ಮುಗಿದದ್ದೇ, ಬೀಗ ಹಾಕಿದ ಬಾಗಿಲ ಒಳಗಿನಿಂದ ಮೂರು ಬಡಿತ ಬಂದವು.

"ಸವೇರಿ ಕಣ್ರೋ!" ಎಂದು ಯಾರೋ ಕೂಗಿದರು. ಜನ ಶಿಲುಬೆಯ ಗುರುತು ಹಾಕಿಕೊಂಡು ಹಿಂದಕ್ಕೆ ಸರಿದರು. ಜ್ಞಾನಮ್ಮ ಹಿತ್ತಿಲಿಗೆ ನಡೆದಳು. ಅಲ್ಲಿನ ಬಾಗಿಲು ತೆರೆದಿತ್ತು. ರಾಯಪ್ಪ ಜೈಲಿನಿಂದ ಮಂಗಳವಾರವೇ ಬಂದು, ಒಲೆ ಹಚ್ಚದೆ, ಕತ್ತಲಲ್ಲಿ ಕುಳಿತಿದ್ದ. ಅವಳನ್ನು ಕಂಡು ಕ್ಷಮಿಸು ಎಂದೂ ಅನ್ನಲಿಲ್ಲ.

ಅವಳು ನನ್ನನ್ನು ಅವನ ಕೈಗಿಟ್ಟಳು.

"ಕೊಲೆ ಮಾಡಿದ ಕೈಗೆ ಕೊಡ್ತೀಯಾ ಅತ್ತೆ? ತಲೆ ಕೆಟ್ಟಿದೆಯಾ?" ಎಂದ ಹಿಂದೆಯೇ ಬಂದ ಅವಳ ಅಣ್ಣನ ಮಗ ಪಾಸ್ಕಲ.

"ನನ್ನ ಪೆಟ್ಟಿಗೆ ಮರ ಕಣೋ ಇದು. ಯಾರಿಗಾದ್ರೂ ಕೊಡ್ತೀನಿ, ನಿನ್ನ ಅಪ್ಪಣೆ ಬೇಕಾ?" ಎಂದಳು. ಆಮೇಲೆ ಮೆಲ್ಲಗೆ, "ಶಿಲುಬೆ ಮೇಲಿಂದ ಸ್ವಾಮಿ ಯಾರನ್ನ ಕೈಬಿಟ್ರು? ನಾನ್ಯಾಕೆ ಇವನ್ನ ಕೈಬಿಡ್ಲಿ? ಏಳೋ ರಾಯ, ಗಂಜಿ ಕುಡಿ" ಎಂದಳು.

ಆ ವರ್ಷ ಪಾಸ್ಖದ ಗಂಟೆಯನ್ನು ರಾಯಪ್ಪನೇ ಎಳೆದ. ಊರಿನ ಅರ್ಧ ಜನ ಚರ್ಚಿಗೆ ಬರಲಿಲ್ಲ. ಪಾಸ್ಕಲನೂ ಬರಲಿಲ್ಲ.

ಈಗ ಜ್ಞಾನಮ್ಮನೂ ಇಲ್ಲ, ರಾಯಪ್ಪನೂ ಇಲ್ಲ. ನನ್ನ ಸುತ್ತಿಗೆ ಸವೆದಿದೆ, ಅಂಚಿಗೆ ಗೆದ್ದಲು ಹತ್ತಿದೆ. ಕರೆಯುವುದಷ್ಟೇ ನನ್ನ ಕೆಲಸ. ಓಗೊಡುವವರು ಯಾರೆಂದು ವಿಚಾರಿಸುವುದಲ್ಲ. ಶುಭ ಶುಕ್ರವಾರ ನನ್ನನ್ನು ಹಿಡಿದು ಆ ಮನೆಯ ಮುಂದೆ ನಿಲ್ಲುವವನು, ಅಂದು ಅತ್ತೆಯನ್ನು ತಡೆದ ಅದೇ ಪಾಸ್ಕಲ. ಮೂರು ಸಲ ಬಡಿಯುತ್ತಾನೆ. ಮೂರು ಬಡಿತ ಮರಳಿ ಬರುತ್ತವೆ. ತುಸು ತಡೆದು, ಇನ್ನೂ ಮೂರು.

ಗೋಡೆಯ ಪ್ರತಿಧ್ವನಿ ಎನ್ನುತ್ತಾರೆ ಫಾದರ್. ಆ ಮನೆಯ ಗೋಡೆಗಳು ಬಿದ್ದು ನಾಲ್ಕು ವರ್ಷವಾಯಿತು. ಪಾಸ್ಕಲ ಖಾಲಿ ಜಾಗದ ಕಡೆ ತಿರುಗಿ ಹೇಳುತ್ತಾನೆ:

"ರಾಯ, ಸವೇರಿ, ಬನ್ರೋ ಇಬ್ರೂ. ಗಂಜಿ ಆರಿ ಹೋಗುತ್ತೆ."