ಮಾವನವರ ಹಸಿರು ಗಾಡಿ

ಸುನಂದಾ ಸೊಸೆಯಾಗಿ ಇಂಡಿಗೆ ಬರುವ ಎಷ್ಟೋ ವರ್ಷ ಮೊದಲೇ ಆ ಗಾಡಿ ಆ ಮನೆಗೆ ಬಂದಿತ್ತು. ಸೊಲ್ಲಾಪುರದ ಗಿರಣಿಯೊಂದರ ಬಿಳಿ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಮಾವನವರು ಅವನಿಂದ ಕೊಂಡಿದ್ದ ವಿಲಾಯತಿ ಸ್ಪೋರ್ಟ್ಸ್ ಕಾರು ಅದು. ಕಡುಹಸಿರು ಬಣ್ಣ, ಎರಡೇ ಸೀಟು, ಬೇಕೆಂದಾಗ ತಲೆಯ ಮೇಲೆ ಎಳೆದುಕೊಳ್ಳುವ ಬಟ್ಟೆಯ ಹೊದಿಕೆ, ತಂತಿ ಕಡ್ಡಿಗಳ ಗಾಲಿ. ಮಾವನವರು ತೀರಿಕೊಂಡ ಮೇಲೆ ಅದು ಅವಳ ಗಂಡ ಬಸಂತರಾಯನ ಪಾಲಿಗೆ ಬಂತು. ಲಿಂಬೆಹಣ್ಣಿನ ವ್ಯಾಪಾರ ಮುಗಿಸಿ ಮನೆಗೆ ಬಂದವನು ಅಂಗಿ ಬದಲಿಸುವ ಮೊದಲು ಶೆಡ್ಡಿಗೆ ಹೋಗಿ ಅದನ್ನೊಮ್ಮೆ ನೋಡಿ ಬರುತ್ತಿದ್ದ. ಟೈರು, ಬ್ಯಾಟರಿ ವಿಧಿಯಿಲ್ಲದೆ ಬದಲಿಸಿದ. ಉಳಿದದ್ದಕ್ಕೆ ಕೈ ಹಚ್ಚಲಿಲ್ಲ. ಬಣ್ಣ ಅದೇ, ಸೀಟಿನ ಸುಕ್ಕುಗಟ್ಟಿದ ಚರ್ಮ ಅದೇ. ಸಾಹೇಬನ ನಾಯಿ ಬಾಗಿಲಿಗೆ ಪರಚಿದ ಗೆರೆಗಳನ್ನು ಕೂಡ ಉಜ್ಜಿಸಿರಲಿಲ್ಲ. ಪುಣೆ, ಕೊಲ್ಹಾಪುರದಿಂದ ಹಳೆ ಗಾಡಿಗಳ ಹುಚ್ಚಿನವರು ಬಂದು, ಕೆಳಗೆ ನುಸುಳಿ ನೋಡಿ, "ಎಲ್ಲಾ ಒರಿಜಿನಲ್ ಐತಿ ನೋಡ್ರಿ!" ಎಂದು ಎದ್ದು ಬಂದರೆ ಬಸಂತರಾಯನ ಮುಖ ಮದುಮಗನಂತೆ ಅರಳುತ್ತಿತ್ತು.

ಸುನಂದಾಳ ತಕರಾರೇನೂ ಇರಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಇದೊಂದು ಹುಚ್ಚು ಇದ್ದರೆ ಇರಲಿ ಅಂದುಕೊಂಡಿದ್ದಳು.

ಅವರ ಒಬ್ಬಳೇ ಮಗಳು ವಿಜಯಶ್ರೀಗೂ ಅದೇ ಹುಚ್ಚು. ಅವಳು ದನಗಳ ಡಾಕ್ಟರಾಗಿ ಬಸವನ ಬಾಗೇವಾಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ರವಿವಾರ ಇಂಡಿಗೆ ಬಂದರೆ ಅಪ್ಪ ಮಗಳು ಗಾಡಿ ತೆಗೆದುಕೊಂಡು ಹೊರಟರೆಂದೇ ಲೆಕ್ಕ. ಆ ಕಾಲದ ಗಾಡಿ, ಸೀಟಿಗೆ ಬೆಲ್ಟು ಇರಲಿಲ್ಲ. ಒಂದು ಸಲ ವಿಜಯಶ್ರೀ ತಾನೇ ಸೊಲ್ಲಾಪುರದಿಂದ ಎರಡು ಬೆಲ್ಟು ತಂದಳು.

"ಅಪ್ಪಾ, ಇವನ್ನ ಹಾಕಸು. ಹೆದ್ದಾರಿ ಮ್ಯಾಲ ಲಾರಿ ಹೆಂಗ ಬರ್ತಾವು ನೋಡೀಯಿಲ್ಲ?"

"ಹಾಕಬೇಕಂದ್ರ ತಗಡಿಗೆ ತೂತು ಹೊಡೀಬೇಕವಾ. ನಿಮ್ಮ ಮುತ್ಯಾ ಒಂದು ತೂತು ಹೊಡಸಿಲ್ಲ. ನಾ ಹೊಡಸ್ಲೇನು?"

"ನಿನ್ನ ಮಗಳೂ ಒರಿಜಿನಲ್ಲೇ ಅದಾಳ. ಬದಲಿ ಸಾಮಾನು ಸಿಗೂದಿಲ್ಲ ಮತ್ತ."

ಸುನಂದಾ ಸೇರಿ ಮೂವರೂ ನಕ್ಕರು. ಬಸಂತರಾಯ ಬೆಲ್ಟುಗಳನ್ನು ಪ್ಲಾಸ್ಟಿಕ್ ಬಿಚ್ಚದೆ ಶೆಡ್ಡಿನ ಗೋಡೆಯ ಮಾಡದಲ್ಲಿ ಇಟ್ಟ.

ಮುಂದಿನ ಚಳಿಗಾಲದಲ್ಲಿ ಸೊಲ್ಲಾಪುರದಲ್ಲಿ ಹಳೆ ಗಾಡಿಗಳ ಮೇಳವಿತ್ತು. ಬೆಳಿಗ್ಗೆ ನಾಷ್ಟಾ ಮಾಡಿ ಅಪ್ಪ ಮಗಳು ಹೊರಟರು. ಝಳಕಿ ದಾಟಿದ ಮೇಲೆ ಪಕ್ಕದ ಹೊಲದಿಂದ ಕುರಿಗಳು ಒಮ್ಮೆಲೇ ರಸ್ತೆಗೆ ಏರಿದವು. ಬಸಂತರಾಯ ಸ್ಟೇರಿಂಗ್ ಎಳೆದ. ಗಾಡಿ ರಸ್ತೆಯಂಚಿನ ಮೋರಿಯ ಕಟ್ಟೆಗೆ ತಾಗಿ ಗಿರ್ರನೆ ತಿರುಗಿ ನಿಂತಿತು. ಅವನ ಎದೆ ಸ್ಟೇರಿಂಗಿಗೆ ಬಡಿದು ಅವನು ಸೀಟಿನಲ್ಲೇ ಉಳಿದ. ವಿಜಯಶ್ರೀಯನ್ನು ಹಿಡಿದಿಡಲು ಏನೂ ಇರಲಿಲ್ಲ. ಅವಳು ಮೋರಿಯ ಆಚೆಗೆ ಬಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಗಾಡಿಗೆ ಎಡಗಡೆಯ ದೀಪ ಒಡೆದಿತ್ತು, ಒಂದು ಗಾಲಿ ಸೊಟ್ಟಾಗಿತ್ತು, ಅಷ್ಟೇ. ಬಸಂತರಾಯನ ತಮ್ಮ ಅನಿಲ ಅದನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಸಿ ತಂದು ಶೆಡ್ಡಿಗೆ ಹಾಕಿ ಕೀಲಿ ಜಡಿದ.

ದಿನಕರ್ಮವೆಲ್ಲ ಮುಗಿದು ನೆಂಟರು ತಿರುಗಿ ಹೋದ ಮೇಲೆ ಕುರಿ ಕಾಯುವ ಅಮಸಿದ್ದ ಹೆಂಡತಿ ಕಾಶಿಬಾಯಿಯನ್ನು ಕರೆದುಕೊಂಡು ಬಂದ. ಒಳಗೆ ಬಾ ಅಂದರೂ ಬರಲಿಲ್ಲ. ಗಂಡ ಹೆಂಡತಿ ಕಟ್ಟೆಯ ಕೆಳಗೇ ಕುಕ್ಕರುಗಾಲಲ್ಲಿ ಕುಳಿತರು.

"ಕುರಿ ನನ್ನವರಿ ಅವ್ವಾರ," ಎಂದ ಅಮಸಿದ್ದ. "ಏನು ಬೈತೀರಿ ಬೈರಿ."

ಬೈಯಲು ಸುನಂದಾಳಲ್ಲಿ ತ್ರಾಣವಿರಲಿಲ್ಲ. "ಕೂಸು ಏನರ ಅಂತೇನಪಾ?" ಎಂದು ಕೇಳಿದಳು.

"ನೀರು ಕೇಳಿದ್ರು. ಈಕಿ ತೊಡಿ ಮ್ಯಾಲ ತಲಿ ಇಟಗೊಂಡು ಕುಡಿಸಿದ್ಳು. ಎಲ್ಡ ಗುಟುಕು. ಆಮ್ಯಾಲ, ಅಪ್ಪ ಎಲ್ಲಿ ಅಂದ್ರು."

"ಎಲ್ಲಿದ್ರು ಅವರು?"

ಅಮಸಿದ್ದ ಹೆಂಡತಿಯ ಮುಖ ನೋಡಿದ. ಕಾಶಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಸಾವ್ಕಾರ್ರು ಇಳದು ಗಾಡಿ ಸುತ್ತ ತಿರಗಾಕತ್ತಿದ್ರಿ. ಒಡದ ಗ್ಲಾಸು ಆರಸಾಕತ್ತಿದ್ರು. ಅವರಿಗೆ ಖಬರ ಇರಲಿಲ್ಲ ಬಿಡ್ರಿ ಅವ್ವಾರ. ನಾ ರಟ್ಟಿ ಹಿಡದು ಕರಕೊಂಡ ಬಂದೆ. ಅಷ್ಟರಾಗ ಕಣ್ಣು ಮುಚ್ಚಿದ್ರು."

ಸುನಂದಾ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಕೇಳಿದ್ದನ್ನು ಗಂಡನಿಗೆ ಹೇಳಲಿಲ್ಲ. ಖಬರಿಲ್ಲದವನ, ಮೈಮೇಲೆ ಎಚ್ಚರವಿಲ್ಲದವನ ತಪ್ಪು ಹಿಡಿಯಬಾರದೆಂದು ತನಗೆ ತಾನೇ ಹೇಳಿಕೊಂಡಳು. ಆದರೆ ತಾಟಿಗೆ ಅನ್ನ ಬಡಿಸುವಾಗ ಅವನ ಬೆರಳುಗಳು ಕಾಣುತ್ತಿದ್ದವು. ಮಣ್ಣಿನಲ್ಲಿ ಗಾಜಿನ ಚೂರು ಹೆಕ್ಕಿದ ಬೆರಳುಗಳು.

ಬಸಂತರಾಯ ಎರಡು ತಿಂಗಳು ಗೋಡೆಗೆ ಆತು ಕುಳಿತ. ಲಿಂಬೆಹಣ್ಣಿನ ವ್ಯಾಪಾರವನ್ನು ಅನಿಲನೇ ನೋಡಿಕೊಂಡ. ಆಮೇಲೊಂದು ಮಧ್ಯಾಹ್ನ ಶೆಡ್ಡಿನಿಂದ ಸುತ್ತಿಗೆಯ ಸಪ್ಪಳ ಕೇಳಿ ಸುನಂದಾ ಹೋಗಿ ನೋಡಿದಳು. ಗಾಲಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅವನು ಒಂದೊಂದೇ ಕಡ್ಡಿ ನೆಟ್ಟಗೆ ಮಾಡುತ್ತಿದ್ದ. ಪಕ್ಕದಲ್ಲಿ ಅರಿವೆಯಲ್ಲಿ ಸುತ್ತಿದ ದೀಪದ ಗಾಜು.

"ಪುಣೆದಾಗ ಸಿಕ್ತು," ಎಂದ. "ಅದಽ ಕಾಲದ್ದು. ಭಾಳ ಮಂದಿಗೆ ಫೋನ್ ಹಚ್ಚಿ ಹುಡಕಿದೆ."

"ಹಚ್ಚಿದ್ರ ಮೊದಲಿನಂಗ ಆಗ್ತೈತೇನು?"

"ಆಗ್ತೈತಿ," ಎಂದವನ ಕೈ ಅಲ್ಲೇ ನಿಂತಿತು. ತಲೆ ಎತ್ತಲಿಲ್ಲ.

ಮರುದಿನ ಸುನಂದಾ ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯ ಸಿದ್ಧರಾಮನನ್ನು ಡ್ರಿಲ್ ಮಶಿನ್ ಸಮೇತ ಕರೆಸಿದಳು. ಮಾಡದಿಂದ ಬೆಲ್ಟುಗಳನ್ನು ತೆಗೆದು ಅವನ ಕೈಗಿಟ್ಟಳು.

"ಇವನ್ನ ಕೂಡಸು."

"ಸಾವ್ಕಾರ್ರಿಗೆ ಗೊತ್ತೇನ್ರಿ? ಈ ಗಾಡಿಗೆ ಧೂಳಿ ಬಿದ್ರೂ ಬೈತಾರ ಅವರು."

"ನಾ ಹೇಳಾಕತ್ತೇನಿ. ಹೊಡಿ ತೂತು."

ಸಿದ್ಧರಾಮ ಸೀಟು ಸರಿಸಿ, ಅಳುಕುತ್ತಲೇ ನೆಲದ ತಗಡಿಗೆ ಮಶಿನ್ ಹಚ್ಚಿದ. ಕಿರ್ರೆನ್ನುವ ಸದ್ದಿಗೆ ಬಸಂತರಾಯ ಬರಿಗಾಲಲ್ಲಿ ಓಡಿ ಬಂದ. ಈಗ ಕೂಗಾಡುತ್ತಾನೆ, ಮಶಿನ್ ಕಿತ್ತುಕೊಳ್ಳುತ್ತಾನೆ ಎಂದು ಸುನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಅವನು ಬಾಗಿ ನೋಡಿದ.

"ಅಲ್ಲಿ ಬ್ಯಾಡೋ. ಅದು ಬರೇ ತಗಡು, ಜಗ್ಗಿದ್ರ ಹರದು ಬರ್ತೈತಿ. ನಾಲ್ಕು ಬಟ್ಟು ಹಿಂದ ಬಾ. ಕೆಳಗ ದಪ್ಪನ್ನ ಕಬ್ಬಿಣದ ಪಟ್ಟಿ ಐತಿ. ಅದಕ್ಕ ಬೋಲ್ಟ ಹಾಕಿದ್ರ ಅಲಗಾಡೂದಿಲ್ಲ."

ಸಿದ್ಧರಾಮ ಅವನು ತೋರಿಸಿದಲ್ಲಿ ಕೊರೆದ. ತಗಡಿನ ಪುಡಿ ಮಗಳ ಸೀಟಿನ ಮೇಲೆ ಸಿಡಿಯಿತು. ಸುನಂದಾ ಗಂಡನ ಮುಖವನ್ನೇ ನೋಡುತ್ತಿದ್ದಳು.

"ಎಲ್ಲಿ ಹೊಡೀಬೇಕಂತ ಗೊತ್ತಿತ್ತಲ್ಲ ನಿಮಗ."

ಅವನು ಗಾಡಿಯ ಬಾಗಿಲು ಹಿಡಿದುಕೊಂಡ. "ಆಕಿ ತಂದ ಮರದಿನಾನ ಕೆಳಗ ಮಲಗಿ ನೋಡಿದ್ದೆ. ಗುರ್ತೂ ಹಾಕಿದ್ದೆ ಸುನಂದಾ. ಮಶಿನ್ ಹಚ್ಚಾಕ ಮನಸ ಬರಲಿಲ್ಲ. ಮುಂದಿನ ವಾರ ಮಾಡಿದ್ರಾತು ಅಂದೆ... ಪ್ರತಿ ವಾರ ಅಂದೆ."

ಅಷ್ಟು ಹೇಳಿ ಅವನು ಶೆಡ್ಡಿನ ನೆಲಕ್ಕೆ ಕುಸಿದು ಕುಳಿತು ಅತ್ತ. ಮಗಳು ಸತ್ತ ಮೇಲೆ ಅವನು ಅತ್ತದ್ದು ಅಂದೇ ಮೊದಲು. ಸಿದ್ಧರಾಮ ಮಶಿನ್ ನಿಲ್ಲಿಸಿ ಹೊರಗೆ ಹೋದ. ಹತ್ತಿರ ಹೋಗಿ ಅವನ ತಲೆ ಮುಟ್ಟಬೇಕೆಂದು ಸುನಂದಾಳಿಗೆ ಗೊತ್ತಿತ್ತು. ಕಾಲು ಏಳಲಿಲ್ಲ.

ಆ ವಾರವೇ ಅವಳು ಬಾಗೇವಾಡಿಗೆ ಹೋದಳು. ಮಗಳ ಸಾಮಾನು ಕಟ್ಟಿಕೊಂಡು ಬರುತ್ತೇನೆಂದು ಹೋದವಳು ಕಟ್ಟಲೂ ಇಲ್ಲ, ಬರಲೂ ಇಲ್ಲ. ಮನೆಯ ಯಜಮಾನಿ ಹೊನ್ನವ್ವ, "ಎಷ್ಟ ದಿನ ಬೇಕಂದ್ರ ಅಷ್ಟ ದಿನ ಇರವಾ," ಅಂದಳು.

ಪ್ರತಿ ಸೋಮವಾರ ಬಸಂತರಾಯ ಬಸ್ಸಿಗೆ ಬರುತ್ತಾನೆ. ಬಸವಣ್ಣನ ಗುಡಿಗೆ ಹೋಗಿ, ಆಮೇಲೆ ಮನೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅವಳು ರೊಟ್ಟಿ ಪಲ್ಯ ಬಡಿಸುತ್ತಾಳೆ. ಗಾಡಿಯ ಮಾತು ಅವನೂ ಎತ್ತುವುದಿಲ್ಲ, ಅವಳೂ ಕೇಳುವುದಿಲ್ಲ.

ಮೊನ್ನೆ ಅವನು ಉಣ್ಣುತ್ತಿದ್ದಾಗ ಪಕ್ಕದ ಮಸೂತಿ ಊರಿನ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು ಬಾಗಿಲು ಬಡಿದಳು.

"ಡಾಕ್ಟರಬಾಯಿ ಅದಾರೇನ್ರಿ? ನಮ್ಮ ಎಮ್ಮಿ ಈಯಾಕ ಒದ್ದಾಡಾಕತ್ತೈತಿ."

ಬಸಂತರಾಯನ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. ಸುನಂದಾ ಅವನ ಕಡೆ ತಿರುಗಲಿಲ್ಲ. ಆ ಹೆಂಗಸಿಗೆ ನೀರು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು, ದನದ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರನ್ನು ತೋರಿಸಲು ಅವಳ ಜೊತೆ ಬಿಸಿಲಿಗೆ ಇಳಿದಳು.